ಬದಲಿ ಟೈರುಗಳ ಆಯ್ಕೆಯಲ್ಲಿ ಘರ್ಷಣವಿಚಾರ

ಪ್ರಯಾಣಿಕರನ್ನು ಹೊತ್ತ ಮಧ್ಯಮಗಾತ್ರದ ಕಾರೊಂದರ ತೂಕ ಸುಮಾರು 1,400 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಪ್ರತಿಯೊಂದು ಚಕ್ರವೂ 350 ಕಿಲೋಗ್ರಾಂ ಭಾರವನ್ನು ಹೊರುತ್ತದೆ. ಟೈರಿನೊಳಗಣ ಗಾಳಿಯ ಒತ್ತಡವು ಚದರ ಅಂಗುಲಕ್ಕೆ 32 ಪೌಂಡು, ಎಂದರೆ ಚದರ ಸೆಂಟಿಮೀಟರಿಗೆ 2.25 ಕಿಲೋಗ್ರಾಂ ಆಗಿದ್ದರೆ, ಒಂದು ಟೈರು ನೆಲವನ್ನು ಮುಟ್ಟುವ ವಿಸ್ತಾರವು ಸ್ಥೂಲವಾಗಿ 155 ಚದರ ಸೆಂಟಿಮೀಟರು ಮಾತ್ರ. ನಾಲ್ಕನ್ನೂ ಕೂಡಿಸಿದರೆ 620 ಚದರ ಸೆಂಟಿಮೀಟರು. ಇದು ನಾವು ದಿನವೂ ಬಳಸುವ ಎ4 ಅಳತೆಯ ಒಂದು ಹಾಳೆಯ ವಿಸ್ತಾರಕ್ಕೆ ಸಮಾನ. ವಾಹನದ ವೇಗವರ್ಧನೆ, ನಿಲುಗಡೆ, ತಿರುವು ಇವೆಲ್ಲವೂ ಈ ಒಂದು ಹಾಳೆಯಷ್ಟು ರಬ್ಬರಿನ ಮೂಲಕವೇ ನಡೆಯಬೇಕು. ಎಂಜಿನು ಎಷ್ಟೇ ಶಕ್ತಿಯುತವಾಗಿರಲಿ, ಬ್ರೇಕು ಎಷ್ಟೇ ಸಮರ್ಥವಾಗಿರಲಿ, ಈ ರಬ್ಬರು ಒಪ್ಪದ ಬಲವನ್ನು ನೆಲಕ್ಕೆ ಸಾಗಿಸುವ ಮಾರ್ಗವಿಲ್ಲ. ಆದುದರಿಂದ ಸವೆದ ಟೈರುಗಳ ಸ್ಥಾನದಲ್ಲಿ ಹೊಸವನ್ನು ಆರಿಸುವ ಕಾರ್ಯವು ಕೇವಲ ಅಂಗಡಿಯ ವ್ಯವಹಾರವಲ್ಲ. ಅದರಲ್ಲಿ ಭೌತಶಾಸ್ತ್ರದ ಹಲವು ತತ್ತ್ವಗಳು ಅಡಗಿವೆ. ಅವುಗಳನ್ನು ಒಂದು ನಿರ್ದಿಷ್ಟ ಪ್ರಸಂಗದ ಮೂಲಕ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಪ್ರಸಂಗದ ನಿರೂಪಣೆ

ಬೆಂಗಳೂರಿನ ಪಶ್ಚಿಮಭಾಗದಲ್ಲಿ ಮೈಸೂರು ರಸ್ತೆಗೆ ಹೊಂದಿಕೊಂಡಿರುವ ಬಾಪೂಜಿ ನಗರದ ನಿವಾಸಿಯೊಬ್ಬನನ್ನು ಊಹಿಸಿಕೊಳ್ಳೋಣ. ಅವನಲ್ಲಿರುವುದು ವೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯಂಥ, ಚುರುಕಾದ ಎಂಜಿನುಳ್ಳ ಕಾರು. ಅದರ ಟೈರಿನ ಅಳತೆ 205/55 ಆರ್16. ವಾರದ ಆರು ದಿನ ಅದು ನಾಯಂಡಹಳ್ಳಿಯ ಕೂಡುರಸ್ತೆಯಲ್ಲಿಯೂ ನಗರದ ಒಳಬೀದಿಗಳಲ್ಲಿಯೂ ಆಮೆಯ ವೇಗದಲ್ಲಿ ಚಲಿಸುತ್ತದೆ. ಏಳನೆಯ ದಿನ ಕೆಂಗೇರಿಯನ್ನು ದಾಟಿ, 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ದ್ರುತಮಾರ್ಗದಲ್ಲಿ ಗಂಟೆಗೆ 100 ಕಿಲೋಮೀಟರಿನ ವೇಗಮಿತಿಯವರೆಗೆ ಓಡುತ್ತದೆ. ಕೆಲವೊಮ್ಮೆ ಕೊಡಗಿನ ಘಟ್ಟಗಳನ್ನೂ ಹತ್ತುತ್ತದೆ. ಹಳ್ಳದಿಣ್ಣೆ, ವೇಗತಡೆಯ ಉಬ್ಬು, ಮಳೆನೀರು, ಬಿಸಿಲು, ದೀರ್ಘವೇಗ ಈ ಎಲ್ಲವನ್ನೂ ಒಂದೇ ಜೊತೆ ಟೈರುಗಳು ಸಹಿಸಬೇಕಾಗಿದೆ.

ಇಲ್ಲಿ ಪಣಕ್ಕೊಡ್ಡಿರುವುದು ಏನೆಂಬುದನ್ನು ಲೆಕ್ಕವೊಂದು ಸ್ಪಷ್ಟಪಡಿಸುತ್ತದೆ. ನಿಲುಗಡೆಯ ದೂರವು ವೇಗದ ವರ್ಗಕ್ಕೆ ಅನುಲೋಮವಾಗಿಯೂ ಘರ್ಷಣ ಗುಣಾಂಕಕ್ಕೆ ವಿಲೋಮವಾಗಿಯೂ ಇರುತ್ತದೆ. ಒದ್ದೆ ರಸ್ತೆಯಲ್ಲಿ ಒಂದು ಟೈರಿನ ಗುಣಾಂಕ 0.8 ಎಂದೂ, ಇನ್ನೊಂದರದು 0.5 ಎಂದೂ ಭಾವಿಸೋಣ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಬ್ರೇಕು ಹಾಕಿದಾಗ ಮೊದಲನೆಯದು ಸುಮಾರು 49 ಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ ಸುಮಾರು 79 ಮೀಟರು ಬೇಕು. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಮೊದಲನೆಯ ಕಾರು ನಿಂತ ಸ್ಥಳದಲ್ಲಿ ಎರಡನೆಯದು ಇನ್ನೂ ಗಂಟೆಗೆ ಸುಮಾರು 61 ಕಿಲೋಮೀಟರು ವೇಗದಿಂದ ಚಲಿಸುತ್ತಿರುತ್ತದೆ. ಆ ಸ್ಥಳದಲ್ಲಿ ರಸ್ತೆ ದಾಟುವವನೊಬ್ಬನಿದ್ದರೆ, ಅವನ ಪಾಲಿಗೆ ಟೈರಿನ ಆಯ್ಕೆಯು ಜೀವನ್ಮರಣಗಳ ಪ್ರಶ್ನೆಯೇ ಸರಿ.

2. ರಬ್ಬರಿನ ಘರ್ಷಣೆಯ ಸ್ವರೂಪ

ಘರ್ಷಣೆಯು ಸ್ಪರ್ಶವಿಸ್ತಾರವನ್ನು ಅವಲಂಬಿಸುವುದಿಲ್ಲವೆಂದು ಪಾಠಪುಸ್ತಕಗಳಲ್ಲಿ ಓದಿದ ವಿದ್ಯಾರ್ಥಿಗೆ ರಬ್ಬರಿನ ವರ್ತನೆ ವಿಚಿತ್ರವೆನಿಸಬಹುದು. ಆ ನಿಯಮವು ಗಡುಸಾದ ಘನವಸ್ತುಗಳಿಗೆ ಸರಿಸುಮಾರು ಅನ್ವಯಿಸುತ್ತದೆ. ರಬ್ಬರಾದರೋ ಸ್ಥಿತಿಸ್ಥಾಪಕತ್ವವನ್ನೂ ಸ್ನಿಗ್ಧತೆಯನ್ನೂ ಏಕಕಾಲದಲ್ಲಿ ತೋರುವ ವಸ್ತು. ಅದರ ಹಿಡಿತಕ್ಕೆ ಮುಖ್ಯವಾಗಿ ಎರಡು ಕಾರಣಗಳುಂಟು. ಮೊದಲನೆಯದು ಅಂಟಿಕೆ: ರಬ್ಬರಿನ ಅಣುಸರಪಳಿಗಳು ರಸ್ತೆಯ ಮೇಲ್ಮೈಗೆ ಕ್ಷಣಕಾಲ ಅಂಟಿ ಬಿಡುತ್ತವೆ. ಎರಡನೆಯದು ಆಂತರಿಕ ಶಕ್ತಿನಷ್ಟ: ಜಲ್ಲಿಯ ಮೊನೆಗಳ ಮೇಲೆ ಜಾರುವಾಗ ರಬ್ಬರು ಅಮುಕಿ ಮತ್ತೆ ಹಿಗ್ಗುತ್ತದೆ, ಆದರೆ ಅಮುಕಲು ವ್ಯಯವಾದ ಶಕ್ತಿಯೆಲ್ಲವೂ ಹಿಂದಿರುಗುವುದಿಲ್ಲ. ಉಳಿದುದು ಶಾಖವಾಗುತ್ತದೆ, ಮತ್ತು ಆ ನಷ್ಟವೇ ಚಲನೆಯನ್ನು ತಡೆಯುವ ಬಲವಾಗಿ ಪರಿಣಮಿಸುತ್ತದೆ. ನೀರಿನ ತೆಳುಪೊರೆಯು ಅಂಟಿಕೆಯನ್ನು ಬಹುಮಟ್ಟಿಗೆ ಅಳಿಸುವುದರಿಂದ, ಒದ್ದೆ ರಸ್ತೆಯಲ್ಲಿ ಎರಡನೆಯ ಕಾರಣವೇ ನಮ್ಮ ಮುಖ್ಯ ಆಸರೆ.

ಹಾಗಾದರೆ ಹೆಚ್ಚು ಶಕ್ತಿನಷ್ಟವಾಗುವ ರಬ್ಬರೇ ಉತ್ತಮವಲ್ಲವೆ? ಇಲ್ಲಿಯೇ ತೊಡಕು. ಚಕ್ರ ಉರುಳುವಾಗಲೂ ಟೈರು ಪ್ರತಿ ಸುತ್ತಿಗೊಮ್ಮೆ ಅಮುಕಿ ಹಿಗ್ಗುತ್ತದೆ. ಅಲ್ಲಿ ನಷ್ಟವಾದ ಶಕ್ತಿಗೆ ಪೆಟ್ರೋಲಿನ ಬೆಲೆ ತೆರಬೇಕು. ಅದೃಷ್ಟವಶಾತ್ ಈ ಎರಡು ಕ್ರಿಯೆಗಳ ಆವರ್ತನಗಳು ಬಹಳ ಭಿನ್ನ. ಉರುಳುವಿಕೆಯಲ್ಲಿ ರಬ್ಬರು ಸೆಕೆಂಡಿಗೆ ಹತ್ತಾರು ಬಾರಿ ಅಮುಕಿದರೆ, ಜಲ್ಲಿಯ ಮೊನೆಗಳ ಮೇಲೆ ಜಾರುವಾಗ ಸಾವಿರಾರು ಬಾರಿ, ಲಕ್ಷಾಂತರ ಬಾರಿ ಅಮುಕುತ್ತದೆ. 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್ ಮತ್ತು ಫೆರ್ರಿ ಎಂಬ ವಿಜ್ಞಾನಿಗಳು ಇಂಥ ವಸ್ತುಗಳಲ್ಲಿ ಆವರ್ತನಕ್ಕೂ ಉಷ್ಣತೆಗೂ ಇರುವ ಸಂಬಂಧವನ್ನು ಸೂತ್ರೀಕರಿಸಿದರು. 1963ರಲ್ಲಿ ಗ್ರೋಷ್ ಎಂಬವರು ಆ ಸಂಬಂಧವು ರಬ್ಬರಿನ ಘರ್ಷಣೆಗೂ ಅನ್ವಯಿಸುವುದನ್ನು ಪ್ರಯೋಗದಿಂದ ತೋರಿಸಿದರು. ಇಂಗಾಲದ ಕಪ್ಪುಪುಡಿಯ ಬಹುಭಾಗಕ್ಕೆ ಬದಲಾಗಿ ಸಿಲಿಕಾ ಬೆರೆಸಿದ ರಬ್ಬರು, ಕೆಳ ಆವರ್ತನದಲ್ಲಿ ಕಡಿಮೆ ನಷ್ಟವನ್ನೂ ಮೇಲಿನ ಆವರ್ತನದಲ್ಲಿ ಹೆಚ್ಚು ನಷ್ಟವನ್ನೂ ಕೊಡಬಲ್ಲದು. 1992ರಲ್ಲಿ ಮಿಷೆಲಿನ್ ಸಂಸ್ಥೆಯು ಇಂಥ ಟೈರನ್ನು ಮಾರುಕಟ್ಟೆಗೆ ತಂದಿತು. ಇಂದಿನ ಉತ್ತಮ ಟೈರುಗಳ ಒದ್ದೆಹಿಡಿತಕ್ಕೆ ಬಹುಮಟ್ಟಿಗೆ ಇದೇ ಆಧಾರ.

3. ಹವೆ ಮತ್ತು ರಬ್ಬರಿನ ಜಾತಿ

ಟೈರುಗಳನ್ನು ಬೇಸಗೆಯವು, ಚಳಿಗಾಲದವು, ಸರ್ವಋತುವಿನವು ಎಂದು ವಿಂಗಡಿಸುವುದು ಶೀತದೇಶಗಳ ರೂಢಿ. ಬೇಸಗೆಯ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಗಡುಸಾಗಿ ಹಿಡಿತವನ್ನು ಕಳೆದುಕೊಳ್ಳುವುದೆಂಬುದು ಈ ವಿಂಗಡಣೆಯ ತಳಹದಿ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ, ಅತ್ಯಧಿಕ ಉಷ್ಣತೆ 2016ರ ಏಪ್ರಿಲಿನ 39.2 ಡಿಗ್ರಿ. ಅಂದಮೇಲೆ ಹಿಮಕ್ಕಾಗಿ ರೂಪಿಸಿದ ಮೆದುರಬ್ಬರಿಗೆ ಇಲ್ಲಿ ಯಾವ ಪ್ರಯೋಜನವೂ ಇಲ್ಲ. ನಮ್ಮ ಪ್ರಸಂಗಕ್ಕೆ ಒಪ್ಪುವುದು ಬೇಸಗೆಯ ಜಾತಿಯೇ.

ಇದರಲ್ಲಿಯೂ ತಾರತಮ್ಯವುಂಟು. ಪಂದ್ಯದ ಅಂಕಣಕ್ಕೆಂದು ತಯಾರಾದ ಟೈರುಗಳು ಬಿಸಿಯೇರಿದ ಮೇಲೆಯೇ ತಮ್ಮ ಪೂರ್ಣಗುಣವನ್ನು ತೋರುತ್ತವೆ. ನಾಯಂಡಹಳ್ಳಿಯ ಸಂದಣಿಯಲ್ಲಿ ತೆವಳುವ ಕಾರಿನಲ್ಲಿ ಅವು ಬಿಸಿಯಾಗುವುದೆಂತು? ಮೇಲಾಗಿ ಅವುಗಳ ತೋಡುಗಳು ಕಿರಿದಾಗಿರುವುದರಿಂದ ನಿಂತ ನೀರನ್ನು ಹೊರದೂಡುವ ಸಾಮರ್ಥ್ಯವೂ ಕಡಿಮೆ. ಮತ್ತೊಂದು ತುದಿಯಲ್ಲಿ, ಇಂಧನದ ಮಿತವ್ಯಯವನ್ನೇ ಪ್ರಧಾನವಾಗಿಟ್ಟುಕೊಂಡು ಮಾಡಿದ ಗಡುಸು ಟೈರು ದೀರ್ಘಕಾಲ ಬಾಳಿದರೂ, ಭರಣಿಯ ಮೊದಲ ಮಳೆ ರಸ್ತೆಯ ಎಣ್ಣೆಯೊಡನೆ ಬೆರೆತು ಜಾರುಪೊರೆಯಾದಾಗ ಆಪತ್ತಿಗೆ ಒದಗುವುದು ಅನುಮಾನ. ಇವೆರಡರ ನಡುವೆ, ಒದ್ದೆಹಿಡಿತಕ್ಕೆ ಪ್ರಾಶಸ್ತ್ಯ ಕೊಟ್ಟ ವೇಗಯೋಗ್ಯ ಟೈರೇ ಮಧ್ಯಮಮಾರ್ಗ.

4. ಪಕ್ಕಗೋಡೆಯ ಬರಹ

ಟೈರಿನ ಪಕ್ಕಗೋಡೆಯ ಮೇಲೆ ‘205/55 ಆರ್16 91ವಿ’ ಎಂದಿದ್ದರೆ, 205 ಎಂಬುದು ಮಿಲಿಮೀಟರುಗಳಲ್ಲಿ ಅಡ್ಡಗಲ. 55 ಎಂಬುದು ಆ ಅಗಲದ ಶೇಕಡಾ ಪ್ರಮಾಣದಲ್ಲಿ ಪಕ್ಕಗೋಡೆಯ ಎತ್ತರ. ‘ಆರ್’ ಎಂಬುದು ರೇಡಿಯಲ್ ರಚನೆ. 16 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 91 ಎಂಬ ಭಾರಾಂಕವು 615 ಕಿಲೋಗ್ರಾಂ ಹೊರುವ ಶಕ್ತಿಯನ್ನೂ, ‘ವಿ’ ಎಂಬ ಅಕ್ಷರವು ಗಂಟೆಗೆ 240 ಕಿಲೋಮೀಟರಿನ ವೇಗವನ್ನು ತಾಳುವ ಶಕ್ತಿಯನ್ನೂ ಸೂಚಿಸುತ್ತವೆ. ಅಷ್ಟು ವೇಗವನ್ನು ಯಾರೂ ಇಲ್ಲಿ ಬಳಸಲಾರರು. ಆದರೂ ಈ ಅಕ್ಷರವು ಶಾಖವನ್ನು ತಾಳುವ ಶಕ್ತಿಯ ಪರೋಕ್ಷ ಪ್ರಮಾಣವಾದುದರಿಂದ ಮೂಲಕ್ಕಿಂತ ಕೆಳಗಿನದನ್ನು ಆರಿಸಕೂಡದು.

ಅಗಲವಾದ ಟೈರನ್ನೂ ದೊಡ್ಡ ರಿಮ್ಮನ್ನೂ ಹಾಕಿಸುವ ಮೋಹ ತರುಣರಲ್ಲಿ ಸಾಮಾನ್ಯ. 205/55 ಆರ್16ರ ಹೊರವ್ಯಾಸ ಸುಮಾರು 632 ಮಿಲಿಮೀಟರು. 225/45 ಆರ್17ರದು 634, 225/40 ಆರ್18ರದು 637. ವ್ಯಾಸದ ಅಂತರ ಶೇಕಡಾ 1ಕ್ಕಿಂತ ಕಡಿಮೆಯಾದ ಕಾರಣ ವೇಗಮಾಪಕವು ಹೆಚ್ಚು ತಪ್ಪಲಾರದು. ಆದರೆ ಪಕ್ಕಗೋಡೆಯ ಎತ್ತರವನ್ನು ನೋಡಿ: ಮೊದಲನೆಯದರಲ್ಲಿ 113 ಮಿಲಿಮೀಟರು, ಎರಡನೆಯದರಲ್ಲಿ 101, ಮೂರನೆಯದರಲ್ಲಿ 90. ಹಳ್ಳದ ಅಂಚಿಗೆ ಚಕ್ರ ಬಡಿದಾಗ ಆಘಾತವನ್ನು ನುಂಗುವುದು ಈ ಎತ್ತರವೇ. ಅದರ ಐದನೆಯ ಒಂದು ಭಾಗವನ್ನು ಬಿಟ್ಟುಕೊಟ್ಟವನು ಪಕ್ಕಗೋಡೆಯ ನೂಲುಗಳು ಹರಿದು ಬುಗುಟೇಳುವುದಕ್ಕೂ, ರಿಮ್ಮು ಬಾಗುವುದಕ್ಕೂ ಸಿದ್ಧನಾಗಿರಬೇಕು. ಅಲ್ಲದೆ 225/40 ಆರ್18ರ ಸಾಧಾರಣ ಮಾದರಿಯ ಭಾರಾಂಕ 88, ಎಂದರೆ 560 ಕಿಲೋಗ್ರಾಂ. ಇದು ಮೂಲಕ್ಕಿಂತ ಕಡಿಮೆ. ಅಧಿಕಭಾರದ ಮಾದರಿಯನ್ನೇ ಕೇಳಿ ಪಡೆಯದಿದ್ದರೆ ಅಂದವು ಬಲವನ್ನು ನುಂಗಿದಂತಾಗುತ್ತದೆ.

ಅಗಲವಾದ ಟೈರು ನೆಲವನ್ನು ಹೆಚ್ಚು ಮುಟ್ಟುವುದೆಂಬ ನಂಬಿಕೆಯೂ ಪೂರ್ಣಸತ್ಯವಲ್ಲ. ಗಾಳಿಯ ಒತ್ತಡ ಅಷ್ಟೇ ಇದ್ದರೆ ಸ್ಪರ್ಶವಿಸ್ತಾರವೂ ಸರಿಸುಮಾರು ಅಷ್ಟೇ. ಬದಲಾಗುವುದು ಅದರ ಆಕಾರ. ಉದ್ದ ಕುಗ್ಗಿ ಅಗಲ ಹಿಗ್ಗುತ್ತದೆ. ಒಣರಸ್ತೆಯ ತಿರುವಿನಲ್ಲಿ ಇದು ಲಾಭ. ನಿಂತ ನೀರಿನಲ್ಲಿ ನಷ್ಟ.

5. ನೀರು, ತೋಡು, ಒತ್ತಡ

ವೃಷಭಾವತಿಯ ಕಣಿವೆಯನ್ನು ಅನುಸರಿಸುವ ಮೈಸೂರು ರಸ್ತೆಗೆ ಮಳೆನೀರು ಹೊಸದಲ್ಲ. 2022ರ ಆಗಸ್ಟಿನಲ್ಲಿ ರಾಮನಗರದ ಬಳಿ ದ್ರುತಮಾರ್ಗವೇ ಜಲಾವೃತವಾಗಿದ್ದಿತು. ಮೂರು ಮಿಲಿಮೀಟರು ಆಳದ ನೀರಿನಲ್ಲಿ ಗಂಟೆಗೆ 100 ಕಿಲೋಮೀಟರು ವೇಗದಿಂದ ಚಲಿಸುವಾಗ, 16 ಸೆಂಟಿಮೀಟರು ಅಗಲದ ಸ್ಪರ್ಶಪಟ್ಟಿಯುಳ್ಳ ಒಂದೊಂದು ಟೈರೂ ಸೆಕೆಂಡಿಗೆ ಸುಮಾರು 13 ಲೀಟರು ನೀರನ್ನು ತನ್ನ ಹಾದಿಯಿಂದ ಸರಿಸಬೇಕು. ತೋಡುಗಳಿರುವುದು ಈ ಕಾರ್ಯಕ್ಕಾಗಿ. ಅದು ಸಾಗದಾದಾಗ ನೀರಿನ ಬೆಣೆಯು ಟೈರನ್ನು ನೆಲದಿಂದ ಎತ್ತುತ್ತದೆ. ಚುಕ್ಕಾಣಿಗೂ ಬ್ರೇಕಿಗೂ ಆಗ ಅರ್ಥವಿಲ್ಲ.

ಅಮೆರಿಕೆಯ ನಾಸಾ ಸಂಸ್ಥೆಯ ಹಾರ್ನ್ ಮತ್ತು ಡ್ರೆಹರ್ ಎಂಬವರು ವಿಮಾನದ ಟೈರುಗಳನ್ನು ಪರೀಕ್ಷಿಸಿ 1963ರಲ್ಲಿ ಪ್ರಕಟಿಸಿದ ಸೂತ್ರದಂತೆ, ನೀರಿನ ಆಳವು ತೋಡಿನ ಆಳವನ್ನು ಮೀರಿದಾಗ ಟೈರು ತೇಲತೊಡಗುವ ವೇಗವು ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಲೋಮವಾಗಿರುತ್ತದೆ. ಕಾರಿಗೆ ಅದು ಸ್ಥೂಲವಾದ ಅಳತೆಗೋಲು ಮಾತ್ರ, ಆದರೂ ಉಪಯುಕ್ತ. 32 ಪೌಂಡು ಒತ್ತಡಕ್ಕೆ ಆ ವೇಗ ಗಂಟೆಗೆ ಸುಮಾರು 94 ಕಿಲೋಮೀಟರು. 24 ಪೌಂಡಿಗೆ ಸುಮಾರು 82. ತಿಂಗಳುಗಟ್ಟಲೆ ಗಾಳಿ ನೋಡದವನ ಅತ್ಯುತ್ತಮ ಟೈರು, ನಿಯತವಾಗಿ ನೋಡುವವನ ಸಾಧಾರಣ ಟೈರಿಗಿಂತ ಮೊದಲೇ ತೇಲಬಹುದು. ತೋಡಿನ ಆಳದ ವಿಷಯದಲ್ಲಿ ನಿಯಮವು 1.6 ಮಿಲಿಮೀಟರಿನ ಕನಿಷ್ಠಮಿತಿಯನ್ನು ವಿಧಿಸಿದೆ. ಹೊಸ ಟೈರಿನಲ್ಲಿ ಅದು 8 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಮಳೆಗಾಲದ ಸವಾರಿಯುಳ್ಳವನು 3 ಮಿಲಿಮೀಟರಿಗೇ ಬದಲಿಸುವುದು ವಿವೇಕ.

6. ದರ್ಜೆ, ವಯಸ್ಸು, ಜೋಡಣೆ

ಅಮೆರಿಕೆಯ ದರ್ಜೆಪದ್ಧತಿಯಂತೆ ಹಲವು ಟೈರುಗಳ ಮೇಲೆ ಸವೆತದ ಅಂಕ ಮುದ್ರಿತವಾಗಿರುತ್ತದೆ. 100 ಎಂಬುದು ಪ್ರಮಾಣಟೈರಿನ ಅಂಕ. 300 ಎಂದರೆ ಟೆಕ್ಸಾಸಿನ ನಿಯತಮಾರ್ಗದ ಪರೀಕ್ಷೆಯಲ್ಲಿ ಅದರ ಮೂರರಷ್ಟು ಬಾಳಿಕೆ. ಅಂಕವನ್ನು ನಮೂದಿಸುವವರು ತಯಾರಕರೇ ಆದುದರಿಂದ ಬೇರೆಬೇರೆ ಸಂಸ್ಥೆಗಳ ಅಂಕಗಳನ್ನು ಹೋಲಿಸುವಾಗ ಎಚ್ಚರವಿರಬೇಕು. 200 ಅಥವಾ ಅದಕ್ಕೂ ಕೆಳಗಿನ ಅಂಕವು ಸಾಮಾನ್ಯವಾಗಿ ಪಂದ್ಯದ ಮೆದುರಬ್ಬರನ್ನು ಸೂಚಿಸುತ್ತದೆ. ಹಿಡಿತದ ದರ್ಜೆಯು ಒದ್ದೆನೆಲದ ನೇರ ನಿಲುಗಡೆಯನ್ನು ಮಾತ್ರ ಅಳೆಯುತ್ತದೆ, ತಿರುವಿನ ಹಿಡಿತವನ್ನಲ್ಲ. ಭಾರತೀಯ ಮಾನಕಸಂಸ್ಥೆಯ ಐ.ಎಸ್. 15633 ಮುದ್ರೆಯಿರುವುದನ್ನೂ ಗಮನಿಸತಕ್ಕದ್ದು.

ರಬ್ಬರು ಬಳಸದಿದ್ದರೂ ಮುಪ್ಪಾಗುತ್ತದೆ. ಆಮ್ಲಜನಕವೂ ಓಜೋನೂ ಅದನ್ನು ಗಡುಸಾಗಿಸುತ್ತವೆ. ಪಕ್ಕಗೋಡೆಯ ನಾಲ್ಕಂಕಿಯ ಸಂಖ್ಯೆ ಅದರ ಜನ್ಮಪತ್ರಿಕೆ: 3524 ಎಂದರೆ 2024ನೆಯ ವರ್ಷದ 35ನೆಯ ವಾರ. ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲಿಯಾಗಲಿ ಕೊಳ್ಳುವಾಗ, ರಿಯಾಯಿತಿಯ ಮಾತಿಗೆ ಮುನ್ನ ಈ ಸಂಖ್ಯೆಯನ್ನು ಓದುವುದು ಲೇಸು.

ಮುಂಚಕ್ರಗಳಿಗೆ ಎಂಜಿನಿನ ಬಲವೊದಗುವ ಕಾರಿನಲ್ಲಿ ಮುಂದಿನ ಟೈರುಗಳು ಬೇಗ ಸವೆಯುತ್ತವೆ. ಎರಡನ್ನೇ ಕೊಳ್ಳುವುದಾದರೆ ಹೊಸವನ್ನು ಮುಂದಕ್ಕೆ ಹಾಕಬೇಕೆಂದು ಅನೇಕರು ಭಾವಿಸುತ್ತಾರೆ. ಭೌತಶಾಸ್ತ್ರದ ತೀರ್ಪು ಬೇರೆ. ಮುಂದಿನವು ಜಾರಿದರೆ ಕಾರು ತಿರುವಿನಿಂದ ಹೊರಕ್ಕೆ ಸರಿಯುತ್ತದೆ; ವೇಗವನ್ನು ತಗ್ಗಿಸಿದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಹಿಂದಿನವು ಜಾರಿದರೆ ಕಾರು ತನ್ನ ಸುತ್ತ ತಾನೇ ತಿರುಗುತ್ತದೆ. ವೇಗ ತಗ್ಗಿಸಿದಾಗ ಭಾರ ಮುಂದಕ್ಕೆ ಸರಿದು ಕೇಡು ಇಮ್ಮಡಿಸುತ್ತದೆ. ಆದುದರಿಂದ ಹೊಸ ಜೋಡಿಯ ಸ್ಥಾನ ಹಿಂದುಗಡೆಯೇ. ಮುಂದೆ ಹಾಕಬೇಕಾದುದು ಹಿಂದಿನ ಚಕ್ರಗಳಿಂದ ಬಿಚ್ಚಿದ, ಕಡಿಮೆ ಸವೆದ ಜೋಡಿ. ನಾಲ್ಕನ್ನೂ ಒಮ್ಮೆಗೇ ಬದಲಿಸುವುದು ಸಾಧ್ಯವಾದರೆ ಅದೇ ಶ್ರೇಷ್ಠ.

7. ಉಪಸಂಹಾರ

ಈ ವಿವೇಚನೆಯಿಂದ ಬಾಪೂಜಿ ನಗರದ ನಮ್ಮ ನಿವಾಸಿಗೆ ದೊರೆಯುವ ಸಲಹೆಯನ್ನು ಸಂಗ್ರಹಿಸಬಹುದು. ಅವನು 205/55 ಆರ್16 ಅಳತೆಯನ್ನೇ ಉಳಿಸಿಕೊಳ್ಳಲಿ. ಭಾರಾಂಕವೂ ವೇಗಾಕ್ಷರವೂ ಮೂಲಕ್ಕೆ ಸಮನಾಗಿ ಅಥವಾ ಮಿಗಿಲಾಗಿರಲಿ. ಸಿಲಿಕಾಯುಕ್ತವಾದ, ಒದ್ದೆಹಿಡಿತದಲ್ಲಿ ಮೇಲುದರ್ಜೆಯ ಬೇಸಗೆ ಟೈರನ್ನು ಆರಿಸಲಿ. ತಯಾರಿಕೆಯ ವಾರವನ್ನು ಓದಲಿ. ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಅಳೆಯಲಿ. ದೊಡ್ಡ ರಿಮ್ಮಿಗೆ ಮೀಸಲಿಟ್ಟ ಹಣವನ್ನು ಉತ್ತಮ ರಬ್ಬರಿಗೆ ವೆಚ್ಚಮಾಡಿದರೆ ಅವನಿಗೆ ವೇಗದ ಸುಖ ತಪ್ಪುವುದಿಲ್ಲ. ನಿಲ್ಲುವ ಶಕ್ತಿ ಮಾತ್ರ ಹೆಚ್ಚುತ್ತದೆ. ಒಂದು ಹಾಳೆಯಷ್ಟು ವಿಸ್ತಾರದ ಮೇಲೆ ತನ್ನ ಕುಟುಂಬದ ಕ್ಷೇಮವೂ ದಾರಿಹೋಕರ ಕ್ಷೇಮವೂ ನಿಂತಿರುವಾಗ, ಆ ಹಾಳೆಯನ್ನು ವಿಚಾರಪೂರ್ವಕವಾಗಿ ಆರಿಸುವುದು ವಾಹನವುಳ್ಳ ಪ್ರತಿಯೊಬ್ಬನ ಕರ್ತವ್ಯವಾಗಿದೆ.