ವರ್ಗಸಮೀಕರಣವೂ ಶ್ರೀಧರಾಚಾರ್ಯನ ವಿಧಿಯೂ

ವರ್ಗಸಮೀಕರಣವನ್ನು ಬಿಡಿಸುವ ಸೂತ್ರವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಂಠಪಾಠ ಮಾಡುತ್ತಾರೆ. ಅದು ಹೇಗೆ ಸಿದ್ಧವಾಯಿತೆಂದು ಕೇಳಿದರೆ ಮೌನ ವಹಿಸುತ್ತಾರೆ. ಚರಿತ್ರೆಯ ವ್ಯಾಸಂಗಿಗಳಾದ ನಾವು ಗಣಿತದ ಅಂಗಳಕ್ಕೆ ಕಾಲಿಡುತ್ತಿರುವುದು ಈ ಮೌನದ ನಿಮಿತ್ತವಾಗಿ.

ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿಯೇ ಈ ಸೂತ್ರವು ಮಾತಿನ ರೂಪದಲ್ಲಿ ದೊರೆಯುತ್ತದೆ. ಆದರೆ ಅಲ್ಲಿರುವುದು ಸಿದ್ಧಫಲ. ಆ ಫಲವನ್ನು ಪಡೆಯುವ ಮಾರ್ಗವನ್ನು ತಿಳಿಸುವುದು ಶ್ರೀಧರಾಚಾರ್ಯನ ವಿಧಿ. ಅವನ ಬೀಜಗಣಿತ ಗ್ರಂಥವು ಲುಪ್ತವಾಗಿದೆ. 1150ರ ಸುಮಾರಿಗೆ ಎರಡನೆಯ ಭಾಸ್ಕರನು ತನ್ನ ‘ಬೀಜಗಣಿತ’ದಲ್ಲಿ ಉದ್ಧರಿಸಿದ್ದರಿಂದ ಈ ವಿಧಿಯು ಉಳಿದುಬಂದಿತು.

ವಿಧಿಯ ತಾತ್ಪರ್ಯವಿಷ್ಟು: ಅವ್ಯಕ್ತವಿರುವ ಪದಗಳನ್ನು ಒಂದು ಪಕ್ಷದಲ್ಲಿಯೂ ವ್ಯಕ್ತಸಂಖ್ಯೆಯನ್ನು ಇನ್ನೊಂದರಲ್ಲಿಯೂ ಇರಿಸಿ, ಎರಡು ಪಕ್ಷಗಳನ್ನೂ ವರ್ಗಪದದ ಗುಣಕದ ನಾಲ್ಮಡಿಯಿಂದ ಗುಣಿಸಬೇಕು, ಅವ್ಯಕ್ತದ ಮೂಲ ಗುಣಕದ ವರ್ಗವನ್ನು ಎರಡಕ್ಕೂ ಕೂಡಿಸಬೇಕು, ಅನಂತರ ವರ್ಗಮೂಲವನ್ನು ತೆಗೆಯಬೇಕು.

ಭಾಸ್ಕರನ ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಪಿಗಳ ಹಿಂಡಿನ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದು ವರ್ಗಿಸಿದಷ್ಟು ಕಪಿಗಳು ಗುಹೆಯನ್ನು ಹೊಕ್ಕವು. ಉಳಿದದ್ದು ಒಂದೇ ಕಪಿ. ಹಿಂಡಿನ ಸಂಖ್ಯೆಯನ್ನು ‘ಯ’ ಎಂದು ಕರೆದರೆ,

ಯ² − 55ಯ = −250

ಎಂದಾಗುತ್ತದೆ. ನಾಲ್ಕರಿಂದ ಗುಣಿಸಿ, 55ರ ವರ್ಗವಾದ 3025ನ್ನು ಕೂಡಿಸಿದರೆ,

4ಯ² − 220ಯ + 3025 = 2025

ಎಡಪಕ್ಷವು (2ಯ − 55) ಎಂಬುದರ ಪೂರ್ಣವರ್ಗ. ಬಲಪಕ್ಷವು 45ರ ವರ್ಗ. ಆದುದರಿಂದ 2ಯ − 55 = ±45; ಯ = 50 ಅಥವಾ 5. ನಾಲ್ಕರಿಂದ ಗುಣಿಸದೆ 55ನ್ನು ಅರ್ಧಿಸಿ ವರ್ಗಪೂರ್ತಿ ಮಾಡಿದ್ದರೆ ಭಿನ್ನರಾಶಿಗಳು ತಲೆದೋರುತ್ತಿದ್ದವು. ನಾಲ್ಕರ ಔಚಿತ್ಯವು ಇಲ್ಲಿದೆ.

ಇದೇ ಕ್ರಮವನ್ನು ಅಯ² + ಬಯ + ಕ = 0 ಎಂಬ ಸಾಮಾನ್ಯ ರೂಪಕ್ಕೆ ಅನ್ವಯಿಸಿದರೆ (2ಅಯ + ಬ)² = ಬ² − 4ಅಕ ಎಂದು ದೊರೆಯುತ್ತದೆ. ಇದರಿಂದ

ಯ = (−ಬ ± √(ಬ² − 4ಅಕ)) ÷ 2ಅ

ಎಂಬ ಪರಿಚಿತ ಸೂತ್ರವು ತಾನಾಗಿಯೇ ಹೊರಡುತ್ತದೆ. ಗುಣಕಗಳಿಗೂ ಅಕ್ಷರಗಳನ್ನು ಬಳಸುವ ಪದ್ಧತಿಯನ್ನು ಫ್ರಾನ್ಸಿನ ವಿಯೆಟ್ ಪ್ರಚುರಪಡಿಸಿದ್ದು 1591ರಲ್ಲಿ. ಆದಕಾರಣ ಇಂದಿನ ಬರಹರೂಪವನ್ನೇ ಪ್ರಾಚೀನರಿಗೆ ಆರೋಪಿಸುವುದು ಯುಕ್ತವಲ್ಲ. ಅದರ ಯುಕ್ತಿಯು ಅವರಿಗೆ ತಿಳಿದಿರಲಿಲ್ಲವೆನ್ನುವುದೂ ಸತ್ಯವಲ್ಲ.

ದೊರೆತ ಎರಡು ಮೂಲಗಳೂ ಗ್ರಾಹ್ಯವೇ? ಐದರ ಐದನೆಯ ಭಾಗವು ಒಂದು; ಅದರಿಂದ ಮೂರನ್ನು ಕಳೆದರೆ ಋಣಸಂಖ್ಯೆ. ಇದು ಲೋಕಕ್ಕೆ ಒಪ್ಪಿಗೆಯಾಗದೆಂದು ಭಾಸ್ಕರನು 5ನ್ನು ಬಿಟ್ಟು 50ನ್ನು ಸ್ವೀಕರಿಸುತ್ತಾನೆ. ಕಪಿಗಳನ್ನೇ ಕುರಿತ ಇನ್ನೊಂದು ಲೆಕ್ಕದಲ್ಲಿ 48 ಮತ್ತು 16 ಎರಡನ್ನೂ ಅಂಗೀಕರಿಸುತ್ತಾನೆ. ಹೀಗೆ ಸೂತ್ರವು ಮೂಲಗಳನ್ನು ಕೊಟ್ಟರೂ ನಿರ್ಣಯವು ಗಣಕನ ವಿವೇಕಕ್ಕೆ ಸೇರಿದುದು. ಕನ್ನಡನಾಡಿನ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಸ್ತುತಿಸಿದ ಮಹಾವೀರಾಚಾರ್ಯನು, ಒಂಬತ್ತನೆಯ ಶತಮಾನದಲ್ಲಿ, ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಹೇಳಿದನು. ಬ² − 4ಅಕ ಋಣವಾದಾಗ ವಾಸ್ತವ ಮೂಲಗಳಿಲ್ಲವೆಂಬ ಇಂದಿನ ಪಾಠದ ಹಿಂದಿರುವುದೂ ಈ ಕಾರಣವೇ.

ಗ್ರಂಥವು ನಷ್ಟವಾದರೂ ಶ್ರೀಧರನ ವಿಧಿಯು ಉದ್ಧರಣೆಯೊಂದರ ಆಶ್ರಯದಿಂದ ನಮ್ಮವರೆಗೆ ಬಂದಿದೆ. ತರಗತಿಯಲ್ಲಿ ಫಲವನ್ನು ಮಾತ್ರ ಉಳಿಸಿಕೊಂಡು ಮಾರ್ಗವನ್ನು ಕೈಬಿಟ್ಟರೆ ಅದು ಎರಡನೆಯ ನಷ್ಟವಾದೀತು. ಕಪ್ಪುಹಲಗೆಯ ಮೇಲೆ ಸೂತ್ರವನ್ನು ಬರೆಯುವ ಮೊದಲು ಈ ಮೂರು ಹೆಜ್ಜೆಗಳನ್ನು ಬರೆದು ತೋರಿಸುವುದು ಕಷ್ಟದ ಕೆಲಸವೇನಲ್ಲ.