ಕೌದಿ: ಹಳೆಯ ಬಟ್ಟೆಯ ಹೊಸ ಬಾಳು

ಉತ್ತರ ಕರ್ನಾಟಕದ ಮನೆತನಗಳಲ್ಲಿ ಕೌದಿಯನ್ನು ಅರಿಯದವರು ವಿರಳ. ತೊಟ್ಟಿಲಿನ ಕೂಸಿಗೆ, ಬಾಣಂತಿಗೆ, ಹೊಲದಲ್ಲಿ ಕಾವಲು ಮಲಗುವ ಒಕ್ಕಲಿಗನಿಗೆ, ಮನೆಗೆ ಬಂದ ಬೀಗರಿಗೆ ಎಲ್ಲರಿಗೂ ಹಾಸಲು, ಹೊದೆಯಲು ಒದಗುತ್ತಿದ್ದ ವಸ್ತುವಿದು. ಈಚಿನ ವರ್ಷಗಳಲ್ಲಿ ಹುಬ್ಬಳ್ಳಿ-ಧಾರವಾಡದ ಸುಶಿಕ್ಷಿತ ಮನೆಗಳ ಹೆಣ್ಣುಮಕ್ಕಳು ಬಿಡುವಿನ ವೇಳೆಯಲ್ಲಿ ಬಣ್ಣದ ತುಂಡುಗಳನ್ನು ಜೋಡಿಸಿ, ಕಸೂತಿ, ಕನ್ನಡಿ, ಕವಡೆಗಳನ್ನು ಸೇರಿಸಿ ಗೋಡೆಗೆ ತೂಗುಹಾಕುವ ಕಲಾಕೌದಿಗಳನ್ನು ಮಾಡುವ ಹವ್ಯಾಸಕ್ಕೆ ಒಲಿಯುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಈ ಹವ್ಯಾಸವು ನಮ್ಮದೇ ನೆಲದ ಹಳೆಯ ವಿದ್ಯೆಯೊಂದರ ಕವಲು ಎಂಬುದನ್ನು ಅರಿತು ಮಾಡಿದರೆ ಅದರ ಬೆಲೆ ಇಮ್ಮಡಿಯಾಗುತ್ತದೆ.

ಸಂಸ್ಕೃತದಲ್ಲಿ ‘ಕಂಥಾ’ ಎಂದರೆ ಚಿಂದಿಗಳನ್ನು ಕೂಡಿಸಿ ಹೊಲಿದ ಬಟ್ಟೆ. ವಿರಕ್ತರು ಹೊದೆಯುತ್ತಿದ್ದ ಕಂತೆಯ ಹೆಸರು ಅದರಿಂದಲೇ ಬಂದದ್ದು. ಬಂಗಾಳದ ಹೆಂಗಳೆಯರು ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದು ಅದರ ಮೇಲೆ ಕಥೆಗಳನ್ನೇ ಚಿತ್ರಿಸುವ ಕಸುಬಿಗೂ ಕಾಂಥಾ ಎಂದೇ ಹೆಸರು. ಹೀಗೆ ವೈರಾಗ್ಯದ ಹೊದಿಕೆಯೂ ಸಂಸಾರದ ಹಾಸಿಗೆಯೂ ಒಂದೇ ತತ್ತ್ವದಿಂದ ಹುಟ್ಟಿವೆ. ಆ ತತ್ತ್ವವೆಂದರೆ, ಉಪಯೋಗ ಮುಗಿಯಿತೆಂದು ತೋರುವ ವಸ್ತುವಿನಲ್ಲಿಯೂ ಇನ್ನೊಂದು ಉಪಯೋಗ ಅಡಗಿರುತ್ತದೆ ಎಂಬ ನಂಬಿಕೆ.

ನಮ್ಮದು ಹತ್ತಿಯ ನಾಡು. ಕಪ್ಪು ಎರೆಮಣ್ಣಿನ ಧಾರವಾಡ ಸೀಮೆಯ ಹತ್ತಿಯಿಂದಲೇ ಹುಬ್ಬಳ್ಳಿಯ ಪೇಟೆ ಬೆಳೆಯಿತು. ಧಾರವಾಡ ಸಮೀಪದ ಗರಗವು ಖಾದಿಗೆ ಹೆಸರಾದ ಗ್ರಾಮ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರಲ್ಲಿ ಆರಂಭವಾಗಿ, ಮುಂದೆ ರಾಷ್ಟ್ರಧ್ವಜದ ತಯಾರಿಕೆಗೆ ದೇಶಕ್ಕೆಲ್ಲ ಪರಿಚಿತವಾಯಿತು. ಇಂಥ ಸೀಮೆಯಲ್ಲಿ ನೂಲಿನ ಸೀರೆ, ಧೋತರಗಳು ಹಳೆಯದಾದಾಗ ಅವುಗಳನ್ನು ಎಸೆಯುವ ಮಾತೇ ಇರಲಿಲ್ಲ. ತೊಟ್ಟು ತೊಟ್ಟು, ಒಗೆದು ಒಗೆದು ಮೆತ್ತಗಾದ ಹತ್ತಿಬಟ್ಟೆಯು ಹೊಸ ಬಟ್ಟೆಗಿಂತ ಮೈಗೆ ಹಿತವಾದುದು. ಬೇಸಿಗೆಯಲ್ಲಿ ಬೆವರನ್ನು ಹೀರುತ್ತದೆ; ಪದರಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ಚಳಿಗಾಲದಲ್ಲಿ ಬೆಚ್ಚಗಿಡುತ್ತದೆ. ಕೌದಿಯ ಗುಟ್ಟು ಇಷ್ಟೇ.

ಮನೆಯ ಹಿರಿಯರು ಕೌದಿಯನ್ನು ಹೊಲಿಯುತ್ತಿದ್ದರು. ಅದನ್ನೇ ಉದರನಿರ್ವಾಹಕ್ಕೆ ಅವಲಂಬಿಸಿದವರೂ ಇದ್ದರು. ಗೊಂದಲಿಗರೇ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳು ಸುಗ್ಗಿ ಮುಗಿದ ಮೇಲೆ ಊರೂರಿಗೆ ಬಂದು, ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕುಳಿತು ದಿನಗಟ್ಟಲೆ ಸೂಜಿಯಾಡಿಸುತ್ತಿದ್ದರು. ಅವರ ಬೆರಳಿನ ಅಳತೆಗೆ ಗಜಕಡ್ಡಿಯ ಹಂಗಿರಲಿಲ್ಲ.

ಧಾರವಾಡಕ್ಕೆ ನೆರೆಯಾದ ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಸಿದ್ದಿ ಜನಾಂಗದ ಮಹಿಳೆಯರದು ಈ ವಿದ್ಯೆಯಲ್ಲಿ ವಿಶಿಷ್ಟ ಸ್ಥಾನ. ಆಫ್ರಿಕಾ ಮೂಲದ ಈ ಜನ ಶತಮಾನಗಳಿಂದ ನಮ್ಮ ನಾಡಿನವರೇ ಆಗಿದ್ದಾರೆ. ಅವರು ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುಭಾಗಕ್ಕೆ ಬರುತ್ತಾರೆ. ಮೊದಲೇ ಬರೆದುಕೊಂಡ ನಕ್ಷೆಯಿಲ್ಲ. ಕೈಗೆ ಬಂದ ತುಂಡಿನ ಬಣ್ಣವೇ ಮುಂದಿನ ತುಂಡನ್ನು ಕರೆಯುತ್ತದೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಹೂವು’ಗಳನ್ನು ಇಟ್ಟ ಮೇಲೆಯೇ ಕೌದಿ ಪೂರ್ಣವಾಯಿತೆಂದು ಅವರ ಭಾವನೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರು ಈ ಕೌದಿಗಳನ್ನು ಅಭ್ಯಸಿಸಿದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಅದೇ ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಬಡ ಹಳ್ಳಿಯ ಕಪ್ಪುವರ್ಣದ ಮಹಿಳೆಯರು ದುಡಿಮೆಯ ಹಳೆಯ ಉಡುಪುಗಳಿಂದ ಹೊಲಿದ ಕೌದಿಗಳು 2002ರಲ್ಲಿ ದೊಡ್ಡ ಸಂಗ್ರಹಾಲಯಗಳನ್ನು ಸೇರಿದವು. 2006ರಲ್ಲಿ ಅಲ್ಲಿನ ಸರಕಾರವು ಅವುಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರಡಿಸಿತು. ಚಳಿಯನ್ನು ಕಳೆಯಲು ಹೊಲಿದದ್ದನ್ನು ಲೋಕವು ಕಲೆಯೆಂದು ಗುರುತಿಸಿತು. ನಮ್ಮ ಅಟ್ಟದ ಮೇಲಿನ ಗಂಟುಗಳಲ್ಲಿಯೂ ಅಂಥ ಕಲೆ ಅಡಗಿರುವುದನ್ನು ನಾವು ಗುರುತಿಸಿದ್ದೇವೆಯೆ?

ಈಗ ಮನೆಮನೆಗೆ ಕೃತಕ ನೂಲಿನ ನುಣುಪು ರಗ್ಗುಗಳು ಬಂದಿವೆ. ಸೀರೆಗಳೂ ಬಹುಪಾಲು ಕೃತಕ ನೂಲಿನವು. ಅವು ಹಳೆಯದಾದರೂ ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಪದರವಾಗಿ ಇಟ್ಟರೆ ಜಾರುತ್ತವೆ. ಹೀಗಾಗಿ ಕೌದಿಗೆ ತಕ್ಕ ಬಟ್ಟೆಯೇ ಕಡಿಮೆಯಾಗುತ್ತಿದೆ. ಹೊಲಿಯಬಲ್ಲ ಕೈಗಳು ಮುಪ್ಪಾಗುತ್ತಿವೆ. ಈ ವಿದ್ಯೆಯನ್ನು ಯಾರೂ ಪುಸ್ತಕದಲ್ಲಿ ಬರೆದಿಟ್ಟು ಕಲಿಸಿದ್ದಲ್ಲ. ಒಬ್ಬರ ಮಗ್ಗುಲಲ್ಲಿ ಇನ್ನೊಬ್ಬರು ಕುಳಿತು ಕಲಿತದ್ದು. ಒಂದು ತಲೆಮಾರು ಕುಳಿತುಕೊಳ್ಳದೆ ಎದ್ದುಹೋದರೆ ಮುಂದಿನ ತಲೆಮಾರಿಗೆ ಕಲಿಸುವವರೇ ಇರುವುದಿಲ್ಲ.

ಆದಕಾರಣ ಹವ್ಯಾಸಿಗಳಾದ ಸೋದರಿಯರಿಗೆ, ಆಸಕ್ತ ಸೋದರರಿಗೂ, ಕೆಲವು ಸೂಚನೆಗಳು. ಮೊದಲು ಒಂದು ಗಜ ಚೌಕದ ಕೂಸಿನ ಕೌದಿಯಿಂದ ಆರಂಭಿಸಿರಿ. ಹತ್ತಿಯ ಬಟ್ಟೆಗಳನ್ನೇ ಆರಿಸಿ, ಬಿಸಿನೀರಿನಲ್ಲಿ ಒಗೆದು ಒಣಗಿಸಿರಿ. ಕುಗ್ಗುವುದೂ ಬಣ್ಣ ಬಿಡುವುದೂ ಹೊಲಿಯುವ ಮುಂಚೆಯೇ ಮುಗಿದುಹೋಗಲಿ. ತಳಕ್ಕೆ ಗಟ್ಟಿಯಾದ ಬಟ್ಟೆ, ನಡುವೆ ಎರಡು ಮೂರು ಪದರ ಹಳೆಯ ಧೋತರ ಅಥವಾ ಸೀರೆ, ಮೇಲೆ ಬಣ್ಣದ ತುಂಡುಗಳು ಎಂಬುದು ಕ್ರಮ. ಪದರಗಳು ಸರಿಯದಂತೆ ಉದ್ದನೆಯ ಕಚ್ಚಾ ಹೊಲಿಗೆ ಹಾಕಿ, ಬಳಿಕ ಎರಡೆಳೆಯ ನೂಲುದಾರದಿಂದ ಸಾಲು ಸಾಲಾಗಿ ಹೊಲಿಯಿರಿ. ಸಾಲುಗಳ ನಡುವೆ ಬೆರಳಗಲಕ್ಕಿಂತ ಹೆಚ್ಚು ಅಂತರ ಬೇಡ. ಅಂತರ ಹೆಚ್ಚಿದಷ್ಟೂ ಒಗೆತಕ್ಕೆ ಪದರಗಳು ಮುದುಡುತ್ತವೆ. ಕಡೆಗೆ ಕಚ್ಚಾ ದಾರವನ್ನು ಬಿಚ್ಚಿರಿ.

ಗೋಡೆಗೆ ಹಾಕುವ ಕಲಾಕೃತಿಯಾದರೆ ಗುಳೇದಗುಡ್ಡದ ಖಣದ ತುಂಡು, ಇಳಕಲ್ಲ ಸೀರೆಯ ಅಂಚು, ಗುಂಡಿ, ಕವಡೆ, ಕನ್ನಡಿಗಳನ್ನು ಸೇರಿಸಬಹುದು. ಭಾರದ ವಸ್ತುಗಳ ಹಿಂದೆ ಇನ್ನೊಂದು ಪದರ ಬಟ್ಟೆ ಇರಲಿ. ಇಲ್ಲವಾದರೆ ಮೇಲ್ಬಟ್ಟೆ ಹರಿಯುತ್ತದೆ. ನಡುವಿನ ಚೌಕಕ್ಕೆ ಧಾರವಾಡದ ಕಸೂತಿ ಒಪ್ಪುತ್ತದೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಈ ಕಸುಬಿನಲ್ಲಿ ನಕ್ಷೆಯನ್ನು ಬರೆದುಕೊಳ್ಳದೆ ಎಳೆಗಳನ್ನೆಣಿಸಿ ಗೋಪುರ, ತೇರು, ನವಿಲು, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ, ಗಂಟು ಹಾಕುವುದಿಲ್ಲ. ಎಳೆಗಳು ಎಣಿಕೆಗೆ ಸಿಗುವ ಬಟ್ಟೆಯ ಮೇಲೆಯೇ ಇದನ್ನು ಮಾಡಿ, ಆ ಬಳಿಕ ಕೌದಿಗೆ ಸೇರಿಸುವುದು ಸುಲಭ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಚೆಂದದ ತುಂಡಿನ ಆಸೆಗೆ ಅಜ್ಜಿಯ ಗಟ್ಟಿಯಾದ ಸೀರೆಯನ್ನು ಕತ್ತರಿಸದಿರಿ. ಬಾಳಿಕೆ ಮುಗಿದುದಕ್ಕೆ ಬಾಳು ಕೊಡುವುದು ಕೌದಿಯ ಧರ್ಮ, ಬಾಳುವುದನ್ನು ಕೊಯ್ಯುವುದಲ್ಲ. ಯಾರ ಸೀರೆ, ಯಾವ ಮದುವೆಯದು, ಯಾರು ಹೊಲಿದರು, ಯಾವ ವರ್ಷ ಎಂಬುದನ್ನು ಹಿಂಬದಿಯಲ್ಲಿ ದಾರದಿಂದಲೇ ಬರೆಯಿರಿ. ನಮ್ಮ ತಾಯಂದಿರ ಕೈಕೆಲಸಕ್ಕೆ ಹೆಸರಿಲ್ಲದೆ ಹೋದದ್ದೇ ಬಹಳ.

ಇದಕ್ಕಿಂತ ಮುಖ್ಯವಾದುದು ಕೂಲಿಯ ಮಾತು. ಬಟ್ಟೆ ನಮ್ಮದು, ದಾರ ನಮ್ಮದು ಎಂದು ಕೌದಿ ಹೊಲಿಯುವ ಹೆಣ್ಣುಮಗಳೊಡನೆ ಚೌಕಾಸಿ ಮಾಡುವವರು, ಅಂಥದೇ ವಸ್ತುವಿಗೆ ಪಟ್ಟಣದ ಅಂಗಡಿಯಲ್ಲಿ ಹೇಳಿದಷ್ಟು ಹಣ ತೆರುತ್ತಾರೆ. ಶರಣರ ಗಣದಲ್ಲಿ ನೇಕಾರ ಜೇಡರ ದಾಸಿಮಯ್ಯನಿದ್ದ, ನೂಲುವ ಕದಿರ ರೆಮ್ಮವ್ವೆಯಿದ್ದಳು, ಸೂಜಿಕಾಯಕದ ರಾಮಿತಂದೆಯೂ ಇದ್ದ. ಕಾಯಕವೇ ಅವರ ಹೆಸರಿನ ಭಾಗವಾಯಿತು. ಸೂಜಿಯನ್ನು ಹಿಡಿದ ಕೈಯನ್ನು ಅಷ್ಟು ಗೌರವದಿಂದ ಕಂಡ ಪರಂಪರೆಯ ಮನೆಗಳಲ್ಲಿ ಸೂಜಿಯ ಕೂಲಿಗೆ ಕೊಸರಾಟ ನಡೆಯಬಾರದು. ಹೊಲಿಯುವವಳು ಎಷ್ಟು ದಿನ ಕುಳಿತಳೆಂದು ಎಣಿಸಿ, ಹೊಲದ ದಿನಗೂಲಿಗೆ ಕಡಿಮೆಯಿಲ್ಲದಂತೆ ಕೊಡುವುದು ನ್ಯಾಯ. ಹಾಗೆ ಕೊಟ್ಟರೆ ಅವಳ ಮಗಳೂ ಆ ಸೂಜಿಯನ್ನು ಹಿಡಿದಾಳು.

ಕೌದಿಯು ಗೋಡೆಯನ್ನೇರಲಿ, ಅದರಲ್ಲಿ ದೋಷವಿಲ್ಲ. ಆದರೆ ಮನೆಯಲ್ಲಿ ಒಂದಾದರೂ ಹಾಸುವ, ಹೊದೆಯುವ ಕೌದಿ ಇರಲಿ. ನೋಡುವುದಕ್ಕಷ್ಟೇ ಉಳಿದ ವಿದ್ಯೆಯಲ್ಲಿ ಚಂದ ಉಳಿದೀತು, ಹದ ಉಳಿಯದು. ಒಗೆತವನ್ನೂ ಮಕ್ಕಳ ಹೊರಳಾಟವನ್ನೂ ತಾಳಿದ ಹೊಲಿಗೆಯೇ ಹೊಲಿಗೆ. ಬರುವ ಬೇಸಿಗೆಯ ರಜೆಯಲ್ಲಿ ಮೊಮ್ಮಕ್ಕಳನ್ನು ಹಿರಿಯರ ಮಗ್ಗುಲಿಗೆ ಕೂರಿಸಿ, ಒಂದು ಸೂಜಿ ಕೊಡಿರಿ. ಸೂಜಿಗೆ ದಾರ ಪೋಣಿಸಲು ಅಜ್ಜಿಗೆ ಎಳೆಯ ಕಣ್ಣು ಬೇಕು; ಹೊಲಿಗೆಯ ಸಾಲು ನೇರವಾಗಲು ಮಗುವಿಗೆ ಅಜ್ಜಿಯ ಕೈ ಬೇಕು.