ಎಲೆ ಬಲಿಯದೆ ಮಾವು ಹೂ ಬಿಡದು

ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಓದುಗರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ. ಮನೆಯಂಗಳದ ಮಾವಿನ ಮರ ಸೊಂಪಾಗಿ ಬೆಳೆದಿದೆ, ರೋಗವಿಲ್ಲ, ನೀರಿಗೆ ಗೊಬ್ಬರಕ್ಕೆ ಕೊರತೆ ಮಾಡಿಲ್ಲ, ಆದರೂ ಹೂ ಬಿಡುವುದಿಲ್ಲ; ಇನ್ನೇನು ಹಾಕಬೇಕು? ಪ್ರಶ್ನೆ ಕೇಳಿದ ರೀತಿಯಲ್ಲೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಶ್ರೀನಿವಾಸಪುರದ ಅಥವಾ ರಾಮನಗರದ ಮಳೆಯಾಶ್ರಿತ ತೋಪಿನಲ್ಲಿ ಹಿಂಗಾರು ನಿಂತ ಮೇಲೆ ಹನಿ ನೀರು ಕಾಣದ ಮರ ಜನವರಿಯಲ್ಲಿ ಮೈತುಂಬ ಹೂ ಹೊತ್ತು ನಿಲ್ಲುತ್ತದೆ. ಬೆಂಗಳೂರಿನ ಬಡಾವಣೆಯಲ್ಲಿ ದಿನವೂ ನೀರು ಕುಡಿಯುವ ಮರ ಅದೇ ಜನವರಿಯಲ್ಲಿ ತಾಮ್ರದ ಬಣ್ಣದ ಚಿಗುರು ಬಿಡುತ್ತದೆ. ಹಾಗಾಗಿ ಮನೆಯ ಮಾವಿಗೆ ಆರೈಕೆ ಸಾಲದೆ ಬಂಜೆಯಾಗಿದೆ ಎಂದು ತಿಳಿಯುವುದಕ್ಕಿಂತ, ಬೇಡದ ಕಾಲದಲ್ಲಿ ಆರೈಕೆ ಸಿಗುತ್ತಿದೆ ಎಂದು ತಿಳಿಯುವುದು ಸತ್ಯಕ್ಕೆ ಹತ್ತಿರ. ಓಟೆಯಿಂದ ಎದ್ದ ಗಿಡವಾದರೆ ಎಳೆತನ ಕಳೆಯಲು ಆರೇಳು ವರ್ಷ, ಕೆಲವೊಮ್ಮೆ ಹತ್ತು ವರ್ಷವೂ ಬೇಕು. ದೊಡ್ಡ ಕಟ್ಟಡದ ನೆರಳಲ್ಲಿ ಸಿಕ್ಕಿಕೊಂಡ ಮರದ ಕಷ್ಟ ಬೇರೆಯದೇ. ಇವೆರಡನ್ನು ಬಿಟ್ಟು, ನಾಲ್ಕೈದು ವರ್ಷ ದಾಟಿದ, ಬಿಸಿಲು ಬೀಳುವ ಕಸಿ ಮರದ ಬಗ್ಗೆ ಇಲ್ಲಿ ಹೇಳುತ್ತಿದ್ದೇನೆ.

ಮಾವಿನ ಹೂಗೊಂಚಲು ಸಾಮಾನ್ಯವಾಗಿ ರೆಂಬೆಯ ತುದಿಯಲ್ಲಿ ಬರುತ್ತದೆ. ಎಲೆಚಿಗುರು ಬರುವುದೂ ಅದೇ ತುದಿಯ ಮೊಗ್ಗಿನಿಂದ. ಅಂದರೆ ಒಂದೇ ಮೊಗ್ಗಿಗೆ ಎರಡು ದಾರಿ ತೆರೆದಿರುತ್ತವೆ, ಮೊಗ್ಗು ಒಡೆಯುವ ದಿನಗಳಲ್ಲಿ ಅದರ ದಾರಿ ತೀರ್ಮಾನವಾಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಥಾಮಸ್ ಡ್ಯಾವನ್‌ಪೋರ್ಟ್ ಮತ್ತು ನೂನ್ಯೆಸ್ ಎಲಿಸಿಯಾ ಎಂಬ ವಿಜ್ಞಾನಿಗಳು ಇದನ್ನು ಕುಂಡದ ಗಿಡಗಳ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದರು. ಹಗಲು 18, ರಾತ್ರಿ 10 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿಟ್ಟ ಗಿಡದ ಮೊಗ್ಗು ಹೂವಾಯಿತು. ಹಗಲು 30, ರಾತ್ರಿ 25 ಡಿಗ್ರಿಯ ಕೋಣೆಯಲ್ಲಿಟ್ಟದ್ದು ಎಲೆಯಾಯಿತು. ಮೊಗ್ಗು ಒಡೆಯುತ್ತಿರುವಾಗಲೇ ಗಿಡವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಿದರೆ ಬುಡದಲ್ಲಿ ಎಲೆ, ತುದಿಯಲ್ಲಿ ಹೂವಿರುವ ಮಿಶ್ರ ಗೊಂಚಲು ಬಂತು. ನಮ್ಮ ತೋಟಗಳಲ್ಲೂ ಹವೆ ಏರುಪೇರಾದ ವರ್ಷ ಹೂಗೊಂಚಲಿನ ನಡುವೆ ಎಲೆ ಮೂಡಿರುವುದನ್ನು ಕಾಣಬಹುದು. ಅದನ್ನು ಕಂಡು ರೋಗವೆಂದು ಗಾಬರಿಯಾಗಿ ಔಷಧಿ ಹೊಡೆಯುವವರಿದ್ದಾರೆ. ಎರಡು ದಾರಿಗಳ ನಡುವೆ ಮೊಗ್ಗು ಮನಸ್ಸು ಬದಲಿಸಿದ ಗುರುತು ಅದು, ಅಷ್ಟೇ.

ಚಳಿ ಬಂದರೆ ಹೂ ಬರುತ್ತದೆ ಎನ್ನುವುದಕ್ಕೆ ಇದಿಷ್ಟು ಸಾಕೇ? ಸಾಲದು. ಚಳಿಯಲ್ಲೇ ಇರುವ ರೆಂಬೆಯ ಎಲೆಗಳನ್ನೆಲ್ಲ ಕಿತ್ತುಹಾಕಿದರೆ ಅದರ ತುದಿ ಹೂವಿನ ಬದಲು ಚಿಗುರನ್ನೇ ಕೊಡುತ್ತದೆ ಎಂದು 1940ರ ದಶಕದಲ್ಲೇ ಪ್ರಯೋಗಗಳು ತೋರಿಸಿದ್ದವು. ಹೂವಾಗು ಎಂಬ ಸಂದೇಶ ಹುಟ್ಟುವುದು ಎಲೆಯಲ್ಲಿ, ಅದು ತೊಗಟೆಯ ಒಳಪದರದ ಆಹಾರನಾಳದಲ್ಲಿ ಹರಿದು ತುದಿ ಸೇರುತ್ತದೆ. ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಾಖ್ಯಾನ್ 1930ರ ದಶಕದಲ್ಲಿ ಇಂಥದೊಂದು ವಸ್ತು ಸಸ್ಯಗಳಲ್ಲಿ ಇರಲೇಬೇಕೆಂದು ವಾದಿಸಿ ಅದಕ್ಕೆ ಫ್ಲಾರಿಜೆನ್ ಎಂದು ಹೆಸರಿಟ್ಟ. ಎಪ್ಪತ್ತು ವರ್ಷ ಅದನ್ನು ಯಾರಿಗೂ ಬೇರ್ಪಡಿಸಲಾಗಲಿಲ್ಲ. ಅನೇಕರು ಅದೊಂದು ಕಲ್ಪನೆ ಎಂದು ಕೈಬಿಟ್ಟಿದ್ದರು. 2007ರಲ್ಲಿ ಭತ್ತ ಮತ್ತು ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಾಸಿವೆ ಜಾತಿಯ ಗಿಡದಲ್ಲಿ ಎಲೆಯಿಂದ ತುದಿಗೆ ಸಾಗುವ ಪ್ರೋಟೀನೊಂದು ಪತ್ತೆಯಾದಾಗ ಚೈಲಾಖ್ಯಾನ್ ಹೇಳಿದ್ದು ನಿಜವಾಯಿತು. ಸಸ್ಯವಿಜ್ಞಾನದಲ್ಲಿ ಇಷ್ಟು ದೀರ್ಘವಾಗಿ ಕಾದು ಗೆದ್ದ ಊಹೆಗಳು ಹೆಚ್ಚಿಲ್ಲ. ಮಾವಿನ ಮರದ ಒಂದು ಪಕ್ಕ ಹೂ ಬಿಟ್ಟು ಇನ್ನೊಂದು ಪಕ್ಕ ಚಿಗುರುವುದಕ್ಕೂ ಇಲ್ಲಿ ವಿವರಣೆ ಸಿಗುತ್ತದೆ. ಪ್ರತಿ ಕೊಂಬೆಯೂ ತನ್ನ ಎಲೆಗಳ ಲೆಕ್ಕದಲ್ಲಿ ಬಹುಮಟ್ಟಿಗೆ ಸ್ವತಂತ್ರವಾಗಿ ನಡೆಯುತ್ತದೆ.

ಎಲೆ ಇದ್ದರಷ್ಟೇ ಸಾಲದು, ಅದಕ್ಕೆ ವಯಸ್ಸೂ ಆಗಿರಬೇಕು. ಎಳೆ ಎಲೆಗಳ ರೆಂಬೆಯಲ್ಲಿ ಬೆಳವಣಿಗೆಯನ್ನು ನೂಕುವ ಜಿಬ್ಬರೆಲಿನ್‌ನಂಥ ಚೋದಕಗಳದೇ ಮೇಲುಗೈ. ರೆಂಬೆ ಬಲಿತಂತೆ ಅವುಗಳ ಪಟ್ಟು ಸಡಿಲಗೊಂಡು ಹೂವಿನ ಸಂದೇಶಕ್ಕೆ ದಾರಿಯಾಗುತ್ತದೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಯಲಿಗೆಳೆದದ್ದು ಫಿಲಿಪ್ಪೀನ್ಸಿನ ಮಾವು. ಅಲ್ಲಿ ನಿಜವಾದ ಚಳಿಗಾಲವೇ ಇಲ್ಲ. ಅಲ್ಲಿನ ರೈತರು ಮರದ ಕೆಳಗೆ ಹಸಿ ಸೊಪ್ಪು, ಹುಲ್ಲು ಸುಟ್ಟು ದಿನಗಟ್ಟಲೆ ಹೊಗೆ ಹಾಕಿ ಹೂ ಬರಿಸುತ್ತಿದ್ದರು. ಶ್ರಮದ ಕೆಲಸ, ಫಲಿಸುತ್ತದೆಂಬ ಭರವಸೆಯೂ ಇಲ್ಲ. ರಮೋನ್ ಬಾರ್ಬಾ ಎಂಬ ತೋಟಗಾರಿಕಾ ವಿಜ್ಞಾನಿ 1970ರ ದಶಕದಲ್ಲಿ ಪೊಟ್ಯಾಸಿಯಂ ನೈಟ್ರೇಟನ್ನು, ಅಂದರೆ ಪೆಟ್ಲುಪ್ಪನ್ನು, ಶೇಕಡಾ ಒಂದರಷ್ಟು ನೀರಿಗೆ ಬೆರೆಸಿ ಎಲೆಗಳ ಮೇಲೆ ಸಿಂಪಡಿಸಿದ. ಕೆಲವೇ ವಾರಗಳಲ್ಲಿ ಮರ ಹೂ ಬಿಟ್ಟಿತು. ವರ್ಷಕ್ಕೊಮ್ಮೆ ಮಾತ್ರ ಸಿಗುತ್ತಿದ್ದ ಹಣ್ಣನ್ನು ಬೇಕಾದ ತಿಂಗಳಲ್ಲಿ ಪಡೆಯುವ ದಾರಿ ತೆರೆಯಿತು, ಆ ದೇಶದ ಮಾವಿನ ರಫ್ತಿಗೆ ಬುನಾದಿಯಾಯಿತು. ಬಾರ್ಬಾ ಪೇಟೆಂಟ್ ಪಡೆದರೂ ರೈತರಿಂದ ಕಾಸು ಕೇಳಲಿಲ್ಲ; ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ. 2014ರಲ್ಲಿ ಆ ದೇಶ ಅವನನ್ನು ರಾಷ್ಟ್ರೀಯ ವಿಜ್ಞಾನಿ ಎಂದು ಗೌರವಿಸಿತು. ಕೃಷಿ ಸಂಶೋಧನೆಯ ಇತಿಹಾಸದಲ್ಲಿ ಇಷ್ಟು ಅಗ್ಗದ, ಇಷ್ಟು ಉದಾರವಾದ ಕೊಡುಗೆ ಅಪರೂಪ.

ಈ ಕಥೆ ಓದಿದವರಿಗೆ ಒಂದು ಆಸೆ ಹುಟ್ಟುವುದು ಸಹಜ: ಹಾಗಾದರೆ ಪೆಟ್ಲುಪ್ಪು ತಂದು ಹೊಡೆದರಾಯಿತಲ್ಲ? ಅಂತರ್ಜಾಲದ ವಿಡಿಯೊಗಳಲ್ಲಿ ಈ ಸಲಹೆ ಧಾರಾಳವಾಗಿ ಸಿಗುತ್ತದೆ. ಆದರೆ ಬಾರ್ಬಾನ ಸಿಂಪಡಣೆ ಕೆಲಸ ಮಾಡುವುದು ಬಲಿತ ರೆಂಬೆಗಳ ಮೇಲೆ. ಕೈಯಲ್ಲಿ ಹಿಚುಕಿದರೆ ಪುಡಿಯಾಗುವಷ್ಟು ಗರಿಗರಿಯಾದ, ಕಡುಹಸಿರು ಎಲೆಗಳಿರುವ ರೆಂಬೆಯೇ ಆಗಬೇಕು. ಎಳೆಯ ರೆಂಬೆಗೆ ಹೊಡೆದರೆ ಏನೂ ಆಗದು, ಇಲ್ಲವೇ ಇನ್ನಷ್ಟು ಚಿಗುರೇ ಬಂದೀತು. ಹಾಲು ಹದಕ್ಕೆ ಬರುವ ಮೊದಲೇ ಎಷ್ಟು ಹೆಪ್ಪು ಹಾಕಿದರೂ ಮೊಸರಾಗದು. ಪೆಟ್ಲುಪ್ಪು ಹೆಪ್ಪಿನ ಕೆಲಸವನ್ನಷ್ಟೇ ಮಾಡುತ್ತದೆ, ಹದ ತರುವುದು ಎಲೆಯ ವಯಸ್ಸು. ಕಾಂಡಕ್ಕೆ ಮೊಳೆ ಹೊಡೆಯುವುದು, ಬುಡಕ್ಕೆ ಕಲ್ಲುಪ್ಪು ಸುರಿಯುವುದು ಇತ್ಯಾದಿ ಉಪಾಯಗಳಿಗಂತೂ ಈ ಮಟ್ಟದ ಆಧಾರವೂ ಇಲ್ಲ. ಉಪ್ಪು ಮಣ್ಣನ್ನು ಕೆಡಿಸುತ್ತದೆ, ಮೊಳೆ ಹೊಕ್ಕ ಗಾಯದಿಂದ ಶಿಲೀಂಧ್ರ ಒಳಸೇರುತ್ತದೆ.

ಎಲೆಯ ವಯಸ್ಸನ್ನು ಲೆಕ್ಕದ ಕೇಂದ್ರಕ್ಕೆ ತಂದುಕೊಂಡರೆ ವರ್ಷದ ಕೆಲಸಗಳಿಗೆ ತಾವಾಗಿಯೇ ಒಂದು ಕ್ರಮ ಬರುತ್ತದೆ. ಹಳೇ ಮೈಸೂರು ಸೀಮೆಯಲ್ಲಿ ಕೊಯ್ಲು ಮೇ, ಜೂನ್‌ನಲ್ಲಿ ಮುಗಿಯುತ್ತದೆ, ಹೂ ಬರಬೇಕಾದದ್ದು ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ. ರೆಂಬೆ ಬಲಿಯಲು ನಾಲ್ಕೈದು ತಿಂಗಳು ಬೇಕೆಂದರೆ ಕೊನೆಯ ಚಿಗುರು ಆಗಸ್ಟ್‌ನಲ್ಲಿ, ತಡವಾದರೆ ಸೆಪ್ಟೆಂಬರಿನಲ್ಲಿ ಬಂದು ಮುಗಿದಿರಬೇಕು. ಅದಕ್ಕಾಗಿ ಹಣ್ಣು ಕಿತ್ತ ಕೂಡಲೇ, ಜೂನ್ ದಾಟುವ ಮುಂಚೆ, ಹಣ್ಣು ಹೊತ್ತ ರೆಂಬೆಗಳ ತುದಿಯನ್ನು ಗೇಣುದ್ದ ಕತ್ತರಿಸಬೇಕು. ಒಳಗೆ ಒತ್ತೊತ್ತಾಗಿ ಬೆಳೆದ ಒಂದೆರಡು ಕೊಂಬೆ ತೆಗೆದು ಬಿಸಿಲು ಇಳಿಯಲು ದಾರಿ ಮಾಡಬೇಕು. ಕತ್ತರಿಸಿದ ತುದಿಗಳೆಲ್ಲ ಮುಂಗಾರಿನ ಹದದಲ್ಲಿ ಒಟ್ಟಿಗೆ ಚಿಗುರಿ ಎಲ್ಲ ಎಲೆಗಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವಾಗುತ್ತವೆ. ಕೊಟ್ಟಿಗೆ ಗೊಬ್ಬರ, ಸಾರಜನಕ ಏನೇ ಕೊಡುವುದಿದ್ದರೂ ಈ ಹೊತ್ತಿಗೇ. ಮರ ತೀರ ದೊಡ್ಡದಾಯಿತೆಂದು ದಸರೆ ಕಳೆದ ಮೇಲೆ ಗರಗಸ ಹಿಡಿಯುವವರು ಆ ವರ್ಷದ ಹೂವನ್ನೇ ಕತ್ತರಿಸಿ ಹಾಕುತ್ತಾರೆ. ಅಕ್ಟೋಬರ್ ಕಳೆದ ಮೇಲೆ ನೀರು ನಿಲ್ಲಿಸಿ, ಈಚುಗಳು ಬಟಾಣಿ ಗಾತ್ರಕ್ಕೆ ಬಂದ ಮೇಲೆ ಮತ್ತೆ ಕೊಡಬೇಕು. ನೆಟ್ಟು ಮೂರು ವರ್ಷ ಆಗದ ಗಿಡಕ್ಕೆ ಈ ನಿಯಮ ಅನ್ವಯಿಸದು. ಅದಕ್ಕೆ ಬೇಸಗೆಯುದ್ದಕ್ಕೂ ನೀರು ಬೇಕು, ಮೊದಲ ಹೂಗೊಂಚಲುಗಳನ್ನು ಚಿವುಟಿಬಿಡುವುದೇ ಲೇಸು.

ನೀರು ನಿಲ್ಲಿಸುವ ಸಲಹೆಗೆ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ಬದಿಗೊತ್ತುವಂತಿಲ್ಲ. ಬಾಯಾರಿಕೆಯಿಂದ ಮರ ಹೆದರಿ ಹೂ ಬಿಡುತ್ತದೆ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಆದರೆ ಬಿಸಿ ವಾತಾವರಣದಲ್ಲಿ ಕುಂಡದ ಮಾವುಗಳಿಗೆ ನೀರು ತಪ್ಪಿಸಿ ನೋಡಿದ ಪ್ರಯೋಗಗಳಲ್ಲಿ ಹೂ ಬರಲಿಲ್ಲ. ಮತ್ತೆ ನೀರು ಸಿಕ್ಕಾಗ ಎಲೆಯೇ ಬಂತು. ಹಾಗಾದರೆ ಒಣಗಿಸುವುದು ವ್ಯರ್ಥವೇ? ಅಲ್ಲ, ಅದು ಕೆಲಸ ಮಾಡುವ ಬಗೆ ಬೇರೆ. ಬರದಿಂದ ಹೂ ಹುಟ್ಟುವುದಿಲ್ಲ, ಹೊಸ ಚಿಗುರು ಹುಟ್ಟದಂತೆ ತಡೆ ಬೀಳುತ್ತದೆ. ಆ ಬಿಡುವಿನಲ್ಲಿ ಎಲೆ ಬಲಿಯುತ್ತದೆ, ಅಷ್ಟರಲ್ಲಿ ತಂಪು ರಾತ್ರಿಗಳು ಬಂದು ಸೇರುತ್ತವೆ. ಇದು ಗೊತ್ತಿದ್ದರೆ ಎಲೆ ಜೋತುಬೀಳುವ ತನಕ ಮರವನ್ನು ಸಾಯಹೊಡೆಯಬೇಕಿಲ್ಲ ಎಂಬುದೂ ಗೊತ್ತಾಗುತ್ತದೆ. ಚಿಗುರದಷ್ಟು ಒಣಗಿದರೆ ಸಾಕು. ಪಕ್ಕದ ಹುಲ್ಲುಹಾಸಿಗೆ, ದಾಸವಾಳಕ್ಕೆ ಬಿಟ್ಟ ನೀರನ್ನೂ ಮಾವಿನ ಬೇರು ಕುಡಿಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಕರಾವಳಿಯವರ ಆಕ್ಷೇಪವೂ ಇದೇ ಬಗೆಯದು: ಮಂಗಳೂರಿನಲ್ಲಿ ಡಿಸೆಂಬರಿನ ರಾತ್ರಿಯೂ ಬೆಚ್ಚಗೇ ಇರುತ್ತದೆ, ಬೆಂಗಳೂರಿನ 15 ಡಿಗ್ರಿ ಆಸುಪಾಸಿನ ಚಳಿ ಅಲ್ಲೆಲ್ಲಿ? ನಿಜ. ಚಳಿಯ ನೆರವು ಕಡಿಮೆಯಾದಷ್ಟೂ ಎಲೆಯ ವಯಸ್ಸಿನ ಭಾರ ಹೆಚ್ಚುತ್ತದೆ. ಹಾಗಾಗಿ ಅಲ್ಲಿ ಸವರುವುದನ್ನು ಇನ್ನೂ ಬೇಗ ಮುಗಿಸುವುದು ಒಳ್ಳೆಯದು. ಹೂ ಕಂತು ಕಂತಾಗಿ ಬರುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯುವುದು ಮಾವಿನ ಹುಟ್ಟುಗುಣ, ಅದಕ್ಕೆ ಮದ್ದಿಲ್ಲ ಎನ್ನುವವರೂ ಇದ್ದಾರೆ. ತಳಿಯ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಧಾರವಾಡ ಸೀಮೆಯ ಆಪೂಸು, ಅಂದರೆ ನಮ್ಮ ಬಾದಾಮಿ, ಮತ್ತು ಉತ್ತರದ ದಶೇರಿ, ಲಂಗ್ಡಾ ಈ ಚಾಳಿಗೆ ಹೆಸರಾದವು; ತೋತಾಪುರಿ, ನೀಲಂ ವರ್ಷವೂ ಕಾಯುತ್ತವೆ. ಮೈತುಂಬ ಹಣ್ಣು ಹೊತ್ತ ವರ್ಷ ಮರ ಸಂಗ್ರಹಿಸಿದ ಆಹಾರವೆಲ್ಲ ಹಣ್ಣಿಗೆ ಹೋಗಿ ಕೊಯ್ಲಿನ ನಂತರದ ಚಿಗುರು ತಡವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ತಡವಾದ ಚಿಗುರು ಜನವರಿಗೆ ಬಲಿತಿರುವುದಿಲ್ಲ. ಅಂದರೆ ಈ ಹುಟ್ಟುಗುಣವೂ ಬಹುಪಾಲು ಎಲೆಯ ವಯಸ್ಸಿನ ಮೂಲಕವೇ ಕೆಲಸ ಮಾಡುತ್ತದೆ. ಆದ್ದರಿಂದಲೇ ಹಣ್ಣು ಮಾಗಿದ ಮೇಲೂ ಮರದಲ್ಲೇ ಬಿಡದೆ ಬೇಗ ಕೊಯ್ದು ಸವರಿದರೆ ಬಾದಾಮಿಯಲ್ಲೂ ಆ ಏರಿಳಿತ ತಗ್ಗುತ್ತದೆ, ಅಳಿಯುವುದಿಲ್ಲ. ಹೊಸದಾಗಿ ನೆಡುವವರಿಗೆ ಸುಲಭದ ದಾರಿ ಬೇರೆ ಇದೆ. ದೆಹಲಿಯ ಭಾರತೀಯ ಕೃಷಿ ಅನುಸಂಧಾನ ಸಂಸ್ಥೆಯಲ್ಲಿ ದಶೇರಿಯ ರುಚಿಗೆ ನೀಲಂನ ನಿಯತ್ತು ಸೇರಿಸಿ 1970ರ ದಶಕದಲ್ಲಿ ಹೊರತಂದ ಆಮ್ರಪಾಲಿ, ಮಲ್ಲಿಕಾ ತಳಿಗಳು ಮನೆಗೆ ಚೆನ್ನಾಗಿ ಒಗ್ಗುತ್ತವೆ. ಆಮ್ರಪಾಲಿ ಎಷ್ಟು ಗಿಡ್ಡವೆಂದರೆ ತೋಟಗಳಲ್ಲಿ ಅದನ್ನು ಎರಡೂವರೆ ಮೀಟರ್ ಅಂತರಕ್ಕೂ ನೆಡುತ್ತಾರೆ. ಮೂವತ್ತು ನಲವತ್ತರ ನಿವೇಶನದಲ್ಲಿ ಮಲಗೋವಾ ನೆಟ್ಟು ಆಮೇಲೆ ಗೋಡೆಗಾಗಿ ಕಡಿಯುವುದಕ್ಕಿಂತ ಇದು ಎಷ್ಟೋ ಮೇಲು.

ಕೊನೆಗೆ, ತೋಟದವರು ಬಳಸುವ ಪ್ಯಾಕ್ಲೋಬ್ಯುಟ್ರಜಾಲ್ ನಮಗೇಕೆ ಬೇಡ ಎಂಬ ಪ್ರಶ್ನೆ. ಕಲ್ಟಾರ್ ಎಂಬ ಹೆಸರಿನಲ್ಲಿ ರೈತರಿಗೆ ಪರಿಚಿತವಾದ ಈ ರಾಸಾಯನಿಕ ಜಿಬ್ಬರೆಲಿನ್ ತಯಾರಿಯನ್ನೇ ತಡೆಯುತ್ತದೆ. ಚಿಗುರು ಅಡಗಿ ಹೂ ಬೇಗ ಬರುತ್ತದೆ. ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದ ಸಂಶೋಧನೆಯ ನಂತರ ಅಲ್ಲಿನ ಆಪೂಸು ತೋಟಗಳಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬಂತು, ಅದು ಕೆಲಸ ಮಾಡುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಮಣ್ಣಿಗೆ ಹಾಕುತ್ತಾರೆ, ಮಣ್ಣಿನಲ್ಲಿ ಅದು ಬಹುಕಾಲ ಉಳಿಯುತ್ತದೆ. ಪ್ರಮಾಣವನ್ನು ಮರದ ಹರವು ಅಳೆದು ಗೊತ್ತುಮಾಡಬೇಕು. ಹೆಚ್ಚಾದರೆ ಹೂಗೊಂಚಲುಗಳು ಮುದುಡಿ ಗಂಟುಕಟ್ಟುತ್ತವೆ, ಮರ ವರ್ಷಗಟ್ಟಲೆ ಕುಗ್ಗಿಹೋಗುತ್ತದೆ. ತೋಪಿನಲ್ಲಿ ಮಾವಿನ ಬುಡದಲ್ಲಿ ಮಾವು ಮಾತ್ರ ಇರುತ್ತದೆ. ಮನೆಯಂಗಳದಲ್ಲಿ ಅದೇ ಹತ್ತಡಿಯೊಳಗೆ ಕರಿಬೇವು, ನಿಂಬೆ, ಸೊಪ್ಪಿನ ಮಡಿ, ಒಮ್ಮೊಮ್ಮೆ ಬಾವಿಯೂ ಇರುತ್ತದೆ, ಆ ಗಿಡಗಳಿಗೆಲ್ಲ ಜಿಬ್ಬರೆಲಿನ್ ಬೇಕೇ ಬೇಕು. ಹತ್ತಾರು ಎಕರೆಯ ಬೆಳೆಗಾರ ಒಂದು ವಾರ ಮೊದಲೇ ಮಾರುಕಟ್ಟೆ ತಲುಪಿದರೆ ಸಿಗುವ ಬೆಲೆಗಾಗಿ ಅದರ ಖರ್ಚನ್ನೂ ಅಪಾಯವನ್ನೂ ಹೊರುತ್ತಾನೆ. ಒಂದೇ ಮರದವರಿಗೆ ಆ ಲೆಕ್ಕ ಹೊಂದದು, ಅದೇ ಚಿಗುರನ್ನು ತಡೆಯಲು ಅವರ ಕೈಯಲ್ಲಿ ಜೂನ್ ತಿಂಗಳ ಕತ್ತರಿಯೂ ನವೆಂಬರಿನ ನಲ್ಲಿಯೂ ಇವೆ. ನವೆಂಬರಿನಲ್ಲಿ ಚಂಡಮಾರುತದ ಮಳೆ ಸುರಿದು ಮರ ಚಿಗುರಿಬಿಟ್ಟರೆ ಮಾತ್ರ ಮಾಡುವುದೇನೂ ಉಳಿದಿರುವುದಿಲ್ಲ. ಆ ಚಿಗುರನ್ನು ಚಿವುಟದೆ ಬಲಿಯಲು ಬಿಟ್ಟರೆ, ರಾತ್ರಿಗಳು ತಂಪಾಗಿಯೇ ಉಳಿದ ವರ್ಷ ಫೆಬ್ರವರಿ ಕೊನೆಗೆ ತಡವಾದ, ತೆಳುವಾದ ಹೂ ಬರುವುದುಂಟು.